ಅಡುಗೆಮನೆಯ ಮೂಲೆಗೆ 14 ಗಂಟೆಯ ಹಗಲು

ನಮ್ಮ ಕಟ್ಟಡದ ನೆಲಮಹಡಿಯ ನಿವೃತ್ತ ಮೇಷ್ಟ್ರು ಒಂದು ಸಂಜೆ ಮನೆಗೆ ಕರೆದರು. "ಕೊತ್ತಂಬರಿ ಹುಟ್ಟುತ್ತದೆ, ಕತ್ತು ಉದ್ದ ಮಾಡುತ್ತದೆ, ಮಲಗಿಬಿಡುತ್ತದೆ. ಮಣ್ಣು ಸರಿಯಿಲ್ಲವೇನೋ, ಸ್ವಲ್ಪ ನೋಡಿ" ಎಂದರು. ಮಣ್ಣು ಚೆನ್ನಾಗಿಯೇ ಇತ್ತು. ಅಡುಗೆಮನೆ ಮಾತ್ರ ಕಂಪನಿ ನಾಟಕದಲ್ಲಿ ರಾಕ್ಷಸ ಬರುವ ದೃಶ್ಯದ ಹಾಗೆ ನೇರಳೆಯಾಗಿತ್ತು. ಬಿಸಿಲು ಕಾಣದ ಕುಂಡಗಳಿಗೆ ಬಿಸಿಲಿನ ಬದಲು ಮಾಡಿದ ದೀಪ ಅದು: ಪ್ಲೈವುಡ್ ತುಂಡಿಗೆ ಅಂಟಿಸಿದ ಐದು ಮೀಟರ್ ಎಲ್‌ಇಡಿ ಪಟ್ಟಿ ಹಾವಿನಂತೆ ಸುತ್ತಿ ಬಂದು, ನಡುವೆ ಅಂಟು ಬಿಟ್ಟು, ಮದುವೆಯ ಮರುದಿನದ ತೋರಣದಂತೆ ಜೋತುಬಿದ್ದಿತ್ತು. ಪಟ್ಟಿಯ ಮೊದಲ ತುದಿ ಕಣ್ಣು ಕುಕ್ಕುತ್ತಿದ್ದರೆ ಕೊನೆಯ ತುದಿ ದೇವರ ಮನೆಯ ಸಣ್ಣ ದೀಪದಷ್ಟೇ ಉರಿಯುತ್ತಿತ್ತು.

ನಗಲಿಲ್ಲ. ನನ್ನ ಮೊದಲ ದೀಪವೂ ಇದೇ ಹಾದಿ ಹಿಡಿದಿತ್ತು. ಆಮೇಲೆ ನೆಂಟರಿಷ್ಟರಲ್ಲಿ ನಾಲ್ಕೈದು ಮಂದಿ ಇದೇ ತಪ್ಪನ್ನು ಇದೇ ಕ್ರಮದಲ್ಲಿ ಮಾಡಿದ್ದನ್ನು ಕಂಡಿದ್ದೇನೆ. ಎಲ್ಲರೂ ಬಣ್ಣಕ್ಕೆ ದುಡ್ಡು ಸುರಿಯುತ್ತಾರೆ, ಬೆಸುಗೆಗೆ ಐದು ನಿಮಿಷ ಕೊಡುತ್ತಾರೆ. ಆಗಬೇಕಾದದ್ದು ಅದರ ತಿರುಗುಮುರುಗು. ಗಿಡಕ್ಕೆ ಬೆಳಕು ಕೊಡುವ ಇಂಥ ದೀಪವನ್ನು ಮನೆಯಲ್ಲೇ ಮಾಡುವ ಬಗೆ ಇಲ್ಲಿದೆ.

ಎಷ್ಟು ಬೆಳಕು ಬೇಕು?

ನಮ್ಮ ಕಣ್ಣು ಮಹಾ ಮೋಸಗಾರ. ಒಂದು ಜಾಗಕ್ಕೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಬಟಾಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಇರುವುದು ಇನ್ನೂರೋ ಮುನ್ನೂರೋ ಲಕ್ಸ್. ಎರಡರಲ್ಲೂ ನಾವು ಪತ್ರಿಕೆ ಓದುತ್ತೇವೆ, ಆದ್ದರಿಂದ ಎರಡೂ 'ಬೆಳಕು' ಎನಿಸುತ್ತದೆ. ಗಿಡಕ್ಕೆ ಎರಡನೆಯದು ಹೆಚ್ಚುಕಡಿಮೆ ಕತ್ತಲೆ. ಪಕ್ಕದ ಕಟ್ಟಡದ ಗೋಡೆ ಮೂರಡಿ ದೂರದಲ್ಲಿರುವ ಬೆಂಗಳೂರಿನ ಕಿಟಕಿಗಳ ಪಾಡೂ ಅದಕ್ಕಿಂತ ಬಹಳ ಮೇಲಲ್ಲ. ಮೆಂತ್ಯ, ಕೊತ್ತಂಬರಿ, ಪುದೀನದಂಥ ಸೊಪ್ಪಿಗೆ ಎಲೆಯ ಮಟ್ಟದಲ್ಲಿ 10 ಸಾವಿರದಿಂದ 15 ಸಾವಿರ ಲಕ್ಸ್ ಬಿಳಿ ಬೆಳಕು ದಿನಕ್ಕೆ 14 ಗಂಟೆ ಸಿಕ್ಕರೆ ಸಾಕು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಕರಾರುವಾಕ್ಕಾಗಿ ಹೇಳದು, ಆದರೆ ಮುನ್ನೂರಕ್ಕೂ ಹತ್ತು ಸಾವಿರಕ್ಕೂ ಇರುವ ವ್ಯತ್ಯಾಸ ತಿಳಿಯಲು ಅಷ್ಟೇನೂ ನಿಖರತೆ ಬೇಡ.

ಇನ್ನು ನೇರಳೆಯ ವಿಚಾರ. ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತು ಕೆಂಪನ್ನೂ ನೀಲಿಯನ್ನೂ ಹೆಚ್ಚು ಹೀರುತ್ತದೆ ಎಂಬುದು ನಿಜ. ಅಂಗಡಿಯವರು ಆ ಅರ್ಧ ಸತ್ಯವನ್ನು ಹಿಡಿದು ಕೆಂಪು-ನೀಲಿ ಪಟ್ಟಿಯನ್ನು ದುಪ್ಪಟ್ಟು ಬೆಲೆಗೆ ಮಾರುತ್ತಾರೆ. ಆದರೆ ಹಸಿರು ಬೆಳಕು ಎಲೆಯೊಳಗೆ ಇನ್ನೂ ಆಳಕ್ಕೆ ಇಳಿದು ಅಲ್ಲಿ ಕೆಲಸಕ್ಕೆ ಬರುತ್ತದೆ. ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಬೆಳಕು ಕೊಡುವ ಎಲ್‌ಇಡಿ ಚಿಪ್. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಒಂದಷ್ಟು ನೀಲಿಯನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸಿ ಬಿಳಿ ಮಾಡುತ್ತದೆ. ಆ ನೀಲಿ ಎಲ್‌ಇಡಿಗಾಗಿಯೇ 2014ರಲ್ಲಿ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಅಂದರೆ ಸಾಧಾರಣ ಬಿಳಿ ಪಟ್ಟಿಯಲ್ಲಿ ಗಿಡಕ್ಕೆ ಬೇಕಾದ್ದೆಲ್ಲ ಇದೆ. ಮೇಲಾಗಿ ಬಿಳಿ ಬೆಳಕಿನಲ್ಲಿ ಎಲೆ ಹಳದಿಯಾದರೆ, ಹೇನು ಹತ್ತಿದರೆ ಕಣ್ಣಿಗೆ ಕಾಣುತ್ತದೆ. ನೇರಳೆಯಲ್ಲಿ ಎಲ್ಲ ಎಲೆಯೂ ಕಪ್ಪೇ. 4000 ಕೆಲ್ವಿನ್ ಪಟ್ಟಿ ಕೇಳಿ ತನ್ನಿ (ಕೆಲ್ವಿನ್ ಎಂದರೆ ಇಲ್ಲಿ ಬಿಳಿಯ ಛಾಯೆಯ ಅಳತೆ). ಅದು ಸಿಗದಿದ್ದರೆ 6500 ಕೆಲ್ವಿನ್ನಿನದು ಆದೀತು. ರಿಮೋಟ್ ಒತ್ತಿದರೆ ಬಣ್ಣ ಬದಲಿಸುವ ಪಟ್ಟಿ ಹುಟ್ಟುಹಬ್ಬಕ್ಕೆ ಚೆಂದ, ಸೊಪ್ಪಿಗಲ್ಲ.

ಅಂಗಡಿಯಲ್ಲಿ

ನಾನು ಹೇಳುತ್ತಿರುವುದು ಎರಡಡಿ ಉದ್ದ, ಒಂದಡಿ ಅಗಲದ ದೀಪ. ನಾಲ್ಕು ಮಧ್ಯಮ ಕುಂಡಗಳಿಗೆ ಅಥವಾ ಎರಡು ಉದ್ದನೆಯ ಟ್ರೇಗಳಿಗೆ ಸಾಕು. ಬೆಂಗಳೂರಿನವರಿಗೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುತ್ತದೆ. ಬೇರೆ ಊರುಗಳಲ್ಲಿ ಫಾಲ್ಸ್ ಸೀಲಿಂಗ್ ದೀಪ ಮಾರುವವರನ್ನು ಕೇಳಿ.

ಪಟ್ಟಿ: 12 ವೋಲ್ಟ್, 2835 ಮಾದರಿ, ಮೀಟರಿಗೆ 120 ಎಲ್‌ಇಡಿ, ಐದು ಮೀಟರಿನ ಒಂದು ಸುರುಳಿ. 2835 ಎಂದರೆ ಒಂದೊಂದು ಎಲ್‌ಇಡಿಯ ಅಳತೆ, 2.8 ಮತ್ತು 3.5 ಮಿಲಿಮೀಟರ್, ಅದಕ್ಕಿಂತ ಹೆಚ್ಚಿನ ಮರ್ಮವೇನೂ ಅದರಲ್ಲಿಲ್ಲ. ಮೀಟರಿಗೆ ಸುಮಾರು 10 ವ್ಯಾಟ್ ಇರಲಿ. ಮೇಲೆ ಸಿಲಿಕೋನ್ ಬಳಿದ 'ವಾಟರ್‌ಪ್ರೂಫ್' ಪಟ್ಟಿ ಬೇಡ. ಶಾಖ ಒಳಗೇ ಉಳಿಯುತ್ತದೆ, ಬೆಸುಗೆ ಹಾಕುವಾಗ ಆ ರಬ್ಬರ್ ಹೆರೆಯುವಷ್ಟರಲ್ಲಿ ಅರ್ಧ ಭಾನುವಾರ ಮುಗಿದಿರುತ್ತದೆ. ಪೊಟ್ಟಣದ ಮೇಲಿನ ವ್ಯಾಟ್ ಅಂಕಿಯನ್ನು ನಂಬಬೇಡಿ. ಅಂಗಡಿಯಲ್ಲೇ ಉರಿಸಿ, ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಮೀಟರ್ ಹಿಡಿದು ತೋರಿಸಲು ಹೇಳಿ. ಮುಖ ಗಂಟು ಹಾಕುವ ಅಂಗಡಿಯಿಂದ ಸುಮ್ಮನೆ ಹೊರಬನ್ನಿ.

ಒಂದನ್ನು ಮಾತ್ರ ಯಾವ ಕಾರಣಕ್ಕೂ ತರಬೇಡಿ: ನೇರವಾಗಿ 230 ವೋಲ್ಟ್ ಪ್ಲಗ್ಗಿಗೆ ಚುಚ್ಚುವ, ಹಗ್ಗದಂತಹ ಪಟ್ಟಿ. ಅಗ್ಗ, ಐವತ್ತು ಮೀಟರಿನ ಉಂಡೆಯಲ್ಲಿ ಸಿಗುತ್ತದೆ, ಹಬ್ಬಕ್ಕೆ ಮನೆ ಮುಂದೆ ಹಾಕಿದ್ದು ಉಳಿದಿದೆ ಎಂದು ಆಸೆಯೂ ಆಗುತ್ತದೆ. ಅದನ್ನು ಕತ್ತರಿಸಿದರೆ ತೆರೆದ ತುದಿಯಲ್ಲಿ ಜೀವ ತೆಗೆಯುವ ವೋಲ್ಟೇಜ್ ಇರುತ್ತದೆ. ಕೆಳಗೆ ನೀವು ನೀರು ಹಾಕುತ್ತಿರುತ್ತೀರಿ.

ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ: 12 ವೋಲ್ಟ್, 8.5 ಆಂಪಿಯರ್, ಅಂದರೆ ಸುಮಾರು 100 ವ್ಯಾಟ್. ನಮ್ಮ ದೀಪಕ್ಕೆ ಬೇಕಾದ್ದು 50 ವ್ಯಾಟ್, ಹಾಗಾದರೆ 5 ಆಂಪಿಯರಿನದು ಸಾಲದೇ ಎಂದು ಅಂಗಡಿಯವನೂ ಕೇಳುತ್ತಾನೆ. ಸಾಲುತ್ತದೆ, ಬೇಸಿಗೆ ಬರುವವರೆಗೆ. ಸಾಮರ್ಥ್ಯದ ಶೇ 80ಕ್ಕಿಂತ ಮೇಲೆ ದಿನಾ 14 ಗಂಟೆ ದುಡಿಸಿದ ಎಸ್‌ಎಂಪಿಎಸ್ ಬಹಳ ಕಾಲ ಬಾಳುವುದಿಲ್ಲ.

ತಗಡು: 1.5ರಿಂದ 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ, 60×30 ಸೆಂಟಿಮೀಟರ್. ಅಲ್ಯೂಮಿನಿಯಂ ಕಿಟಕಿ ಮಾಡುವವರ ಬಳಿ ಕತ್ತರಿಸಿ ಉಳಿದ ತುಂಡು ಸಿಗುತ್ತದೆ. ಪ್ಲೈವುಡ್ ಬೇಡವೇ ಬೇಡ. ಎಲ್‌ಇಡಿಯನ್ನು ಕೊಲ್ಲುವುದು ಶಾಖ. ಮರಕ್ಕೆ ಅಂಟಿಸಿದರೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಮೇಷ್ಟ್ರ ಮನೆಯ ತೋರಣಕ್ಕೆ ಕಾರಣ ಅದೇ.

ಇವಲ್ಲದೆ 1 ಚದರ ಮಿಲಿಮೀಟರಿನ ಕೆಂಪು, ಕಪ್ಪು ತಂತಿ, ಇನ್ನೂ ತೆಳುವಾದ ಕೆಂಪು-ಕಪ್ಪು ಜೋಡಿ ತಂತಿ ಒಂದೂವರೆ ಮೀಟರ್, ಮೂರು ಎಳೆಯ ಪ್ಲಗ್ ತಂತಿ, ಬೆಸುಗೆ ಹಾಕಲು 25 ವ್ಯಾಟಿನ ಸಾಲ್ಡರಿಂಗ್ ಐರನ್, ರೋಸಿನ್ ಇರುವ 60/40 ತವರ-ಸೀಸದ ತಂತಿ (ಮುಂದೆ ಬರಿ ಸೀಸ ಎನ್ನುತ್ತೇನೆ), ಸೀಸ ಹಿಡಿಯಲೆಂದು ಮೊದಲು ಸವರುವ ಫ್ಲಕ್ಸ್, ಶಾಖ ತಡೆಯುವ ಹಳದಿ ಕ್ಯಾಪ್ಟಾನ್ ಟೇಪು, ಸಾಧಾರಣ ಮಲ್ಟಿಮೀಟರ್, ಟೈಮರ್ ಪ್ಲಗ್. ಪಾತ್ರೆಗೆ ಕಲಾಯಿ ಹಾಕುವವರ ಆಮ್ಲದ ಪೇಸ್ಟ್ ತರಬೇಡಿ. ಹಾಕಿದ ದಿನ ಚೆನ್ನಾಗಿ ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ತಾಮ್ರವನ್ನು ತಿಂದು ಹಸಿರು ಕಿಲುಬು ಕಕ್ಕುತ್ತದೆ.

ಹಂತ 1: ಕತ್ತರಿಸುವುದು

ಈ ಪಟ್ಟಿಯಲ್ಲಿ ಮೂರು ಎಲ್‌ಇಡಿಗೆ ವಿದ್ಯುತ್ತನ್ನು ಮಿತಿಯಲ್ಲಿಡುವ ಒಂದು ರೆಸಿಸ್ಟರ್ ಸೇರಿ ಒಂದು ಕಂತು. ಕಂತಿನ ಉದ್ದ 2.5 ಸೆಂಟಿಮೀಟರ್. ಕಂತುಗಳ ನಡುವೆ ಕತ್ತರಿ ಚಿಹ್ನೆ, ಅದರ ಎರಡೂ ಬದಿ ತಾಮ್ರದ ಬಿಲ್ಲೆ. ಗೆರೆಯ ಮೇಲೆಯೇ ಕತ್ತರಿಸಿ. ಒಂದು ಮಿಲಿಮೀಟರ್ ಆಚೀಚೆಯಾದರೂ ಒಂದು ಕಡೆಯ ಬಿಲ್ಲೆ ಬೆಸುಗೆಗೆ ಸಾಲದು. 22 ಕಂತಿನ, ಅಂದರೆ 55 ಸೆಂಟಿಮೀಟರಿನ ಒಂಬತ್ತು ತುಂಡು ಬರುತ್ತವೆ. ಐದು ಸೆಂಟಿಮೀಟರ್ ಉಳಿಯುತ್ತದೆ. ಅದನ್ನು ಎಸೆಯಬೇಡಿ, ಈಗಲೇ ಬೇಕು.

ಒಂಬತ್ತು ತುಂಡು ಏಕೆ, ಒಂದೇ ಪಟ್ಟಿಯನ್ನು ಸುತ್ತಿಸಬಾರದೇ? ಐದು ಮೀಟರ್ ಪೂರ್ತಿಗೆ ನಾಲ್ಕು ಆಂಪಿಯರಿಗೂ ಮೀರಿದ ವಿದ್ಯುತ್ತು ಆ ಕಾಗದದಷ್ಟು ತೆಳುವಾದ ತಾಮ್ರದಲ್ಲಿ ಹರಿಯಬೇಕು. ದಾರಿಯುದ್ದಕ್ಕೂ ವೋಲ್ಟೇಜ್ ಸೋರಿ ಕೊನೆಯ ತುದಿ ಮಂಕಾಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ. ಒಂಬತ್ತು ತುಂಡಿಗೂ ಬೇರೆಬೇರೆ ತೂಬು ಕೊಟ್ಟರೆ ಒಂದೊಂದಕ್ಕೆ ಅರ್ಧ ಆಂಪಿಯರೂ ಬೇಡ.

ಹಂತ 2: ಬೆಸುಗೆ

ಇಲ್ಲಿ ನಿಧಾನವಾಗಿ ಓದಿ. ಮಿಕ್ಕ ಹಂತಗಳನ್ನು ಮಕ್ಕಳೂ ಮಾಡಿಯಾರು.

ಮೊದಲನೆಯ ಮಾತು: ಪಟ್ಟಿಯನ್ನು ತಗಡಿಗೆ ಅಂಟಿಸುವ ಮುನ್ನವೇ ತಂತಿ ಬೆಸೆಯಬೇಕು. ಹೆಚ್ಚಿನವರು ಅಂಟಿಸಿದ ಮೇಲೆ ಬೆಸೆಯಲು ಹೋಗುತ್ತಾರೆ. ಐರನ್ನಿನ ಶಾಖವನ್ನೆಲ್ಲ ಅಲ್ಯೂಮಿನಿಯಂ ಕುಡಿದುಬಿಡುತ್ತದೆ, ಸೀಸ ಕರಗುವುದಿಲ್ಲ. ಆಗ ಇನ್ನಷ್ಟು ಒತ್ತುತ್ತಾರೆ, ಇನ್ನಷ್ಟು ಹೊತ್ತು ಹಿಡಿಯುತ್ತಾರೆ, ಕೊನೆಗೆ ತಾಮ್ರದ ಬಿಲ್ಲೆ ಸುಲಿದು ಐರನ್ನಿನ ತುದಿಗೆ ಅಂಟಿ ಬರುತ್ತದೆ. ಪಟ್ಟಿಯನ್ನು ಒಣಗಿದ ಮರದ ಹಲಗೆಯ ಮೇಲಿಟ್ಟು ಬೆಸೆಯಿರಿ. ಚಪಾತಿ ಮಣೆ ಬೇಡ; ಸೀಸ ಊಟದ ಸಾಮಾನಿನ ಹತ್ತಿರ ಬರಬಾರದು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಉಳಿದಿದ್ದ ಐದು ಸೆಂಟಿಮೀಟರ್ ತುಂಡಿನಲ್ಲಿ ಅಭ್ಯಾಸ ಮಾಡಿ. ಐರನ್ ಪೂರ್ತಿ ಕಾಯಲಿ. ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಸ್ವಲ್ಪ ಸೀಸ ಮುಟ್ಟಿಸಿ. ತುದಿ ಕನ್ನಡಿಯಂತೆ ಹೊಳೆಯಬೇಕು. ಕರಿ ಹಿಡಿದ ತುದಿಯಿಂದ ಶಾಖ ದಾಟುವುದೇ ಇಲ್ಲ. ಬಿಲ್ಲೆಯ ಮೇಲೆ ಕಡ್ಡಿಯಿಂದ ಚೂರು ಫ್ಲಕ್ಸ್ ಸವರಿ. ಈಗ ಐರನ್ನಿನ ತುದಿಯನ್ನು ಬಿಲ್ಲೆಗೆ ತಾಗಿಸಿ, ಪಕ್ಕದಿಂದ ಸೀಸದ ತಂತಿ ಮುಟ್ಟಿಸಿ, ಒಂದು, ಎರಡು ಎಂದು ಎಣಿಸಿ ತೆಗೆಯಿರಿ. ಮೂರು ಎನ್ನಬೇಡಿ. ಸೀಸವು ಅರ್ಧ ಹೆಸರುಕಾಳನ್ನು ಬೋರಲು ಹಾಕಿದ ಹಾಗೆ ಕುಳಿತು ಹೊಳೆಯುತ್ತಿದ್ದರೆ ಸರಿಯಾಗಿದೆ. ಮುತ್ತಿನಂತೆ ಉಂಡೆಯಾಗಿ ಉರುಳಿಕೊಂಡಿದ್ದರೆ ಹಿಡಿದಿಲ್ಲ. ಫ್ಲಕ್ಸ್ ಹಾಕಿ ಮತ್ತೊಮ್ಮೆ.

ತೆಳು ತಂತಿಯನ್ನು ಏಳು ಸೆಂಟಿಮೀಟರಿನಂತೆ ಕತ್ತರಿಸಿ. ತುದಿಯ ಸಿಪ್ಪೆಯನ್ನು ಎರಡೇ ಮಿಲಿಮೀಟರ್ ಸುಲಿಯಿರಿ. ಒಂದು ಸೆಂಟಿಮೀಟರ್ ಸುಲಿಯುವುದು ಎಲ್ಲರ ಚಾಳಿ, ಆ ಬೋಳು ತಂತಿಯೇ ಮುಂದೆ ಪಕ್ಕದ ಬಿಲ್ಲೆಗೆ ತಾಗುವುದು. ಎಳೆಗಳನ್ನು ಹೊಸೆದು, ಅದಕ್ಕೂ ಸೀಸ ಕುಡಿಸಿ. ಈಗ ಎರಡೂ ಕಡೆ ಸೀಸ ಸಿದ್ಧವಿದೆ. ತಂತಿಯನ್ನು ಬಿಲ್ಲೆಯ ಮೇಲಿಟ್ಟು ಐರನ್ ತಾಗಿಸಿದರೆ ಎರಡೂ ಕರಗಿ ಒಂದಾಗುತ್ತವೆ. ಐರನ್ ತೆಗೆದ ಮೇಲೆ ಮೂರು ಸೆಕೆಂಡು ಉಸಿರು ಬಿಗಿಹಿಡಿದು ಕೈ ಅಲುಗಿಸದೆ ನಿಲ್ಲಿ. ಅಲುಗಿದರೆ ಬೆಸುಗೆ ಮಸುಕಾಗಿ, ಮರಳು ಮರಳಾಗಿ ಗಟ್ಟಿಯಾಗುತ್ತದೆ. ಅಂಥದ್ದು ಇವತ್ತು ಉರಿಯುತ್ತದೆ, ನಾಡಿದ್ದು ಮಿಣುಕುತ್ತದೆ, ಆಮೇಲೆ ಬಿಸಿಯಾಗಿ ಕಂದುತ್ತದೆ.

ಬಿಲ್ಲೆ ಕಿತ್ತುಬಂದರೆ ಗೋಳಾಡಬೇಡಿ. ಆ ಕಂತನ್ನು ಕತ್ತರಿಸಿ ಬಿಸಾಡಿ, ಮುಂದಿನ ಬಿಲ್ಲೆಯಲ್ಲಿ ಬೆಸೆಯಿರಿ. ಹೋಗುವುದು ಎರಡೂವರೆ ಸೆಂಟಿಮೀಟರ್ ಮಾತ್ರ. ಕೆಂಪು ತಂತಿ ಪ್ಲಸ್ ಗುರುತಿಗೆ, ಕಪ್ಪು ಮೈನಸ್‌ಗೆ. ಒಂಬತ್ತು ತುಂಡಿನಲ್ಲೂ ಅಕ್ಷರಗಳು ಒಂದೇ ಕಡೆಗೆ ಮುಖಮಾಡಿರಬೇಕು, ಬೆಸುಗೆ ಒಂದೇ ತುದಿಯಲ್ಲಿರಬೇಕು. ಒಂದನ್ನು ತಿರುಗಿಸಿಟ್ಟರೆ ಪ್ಲಸ್-ಮೈನಸ್ ಜಾಗ ಬದಲಾಗಿ, ಗಮನಿಸದೆ ಜೋಡಿಸಿದರೆ ಆ ಸಾಲು ಉರಿಯುವುದಿಲ್ಲ.

ಬೆಸುಗೆಯೇ ಬೇಡ, ಕ್ಲಿಪ್ ಕನೆಕ್ಟರ್ ಇದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇದೆ. ಮೇಷ್ಟ್ರ ದೀಪದಲ್ಲಿಯೂ ಇತ್ತು. ಒಳಗಿನ ತಗಡಿನ ಹಲ್ಲು ಸಡಿಲವಾಗಿ, ಬಿಳಿ ಪ್ಲಾಸ್ಟಿಕ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಂದು ಸಂಜೆಯ ಅಲಂಕಾರಕ್ಕೆ ಅದು ಸಾಕು.

ಹಂತ 3: ಅಂಟಿಸುವುದು

ತಗಡನ್ನು ಸ್ಪಿರಿಟ್‌ನಿಂದ ಒರೆಸಿ. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಮುಟ್ಟಬೇಡಿ. ಮೂರು ಸೆಂಟಿಮೀಟರಿಗೊಂದು ಗೆರೆ ಎಳೆದರೆ ಒಂಬತ್ತು ಸಾಲು ಸರಿಯಾಗಿ ಕೂರುತ್ತವೆ, ಎರಡೂ ಅಂಚಿನಲ್ಲಿ ಮೂರು ಸೆಂಟಿಮೀಟರ್ ಉಳಿಯುತ್ತದೆ.

ಪಟ್ಟಿಯ ಎರಡೂ ತುದಿಗಳ ಕೆಳಗೆ, ತಗಡಿನ ಮೇಲೆ, ಕ್ಯಾಪ್ಟಾನ್ ಟೇಪಿನ ತುಂಡು ಹಾಕುವುದನ್ನು ಮಾತ್ರ ಮರೆಯಬೇಡಿ. ಕತ್ತರಿಸಿದ ಅಂಚಿನಲ್ಲಿ ಪ್ಲಸ್ಸಿನ ತಾಮ್ರವೂ ಮೈನಸ್ಸಿನ ತಾಮ್ರವೂ ಇಣುಕುತ್ತಿರುತ್ತವೆ. ಬೆಸುಗೆ ಒಂದು ಕೂದಲೆಳೆ ಕೆಳಗಿಳಿದರೂ ತಗಡಿಗೆ ತಾಗುತ್ತದೆ. ನನ್ನ ಎರಡನೆಯ ದೀಪದಲ್ಲಿ ಹಾಗಾಗಿ, ಎಸ್‌ಎಂಪಿಎಸ್ ಟಿಕ್ ಟಿಕ್ ಎನ್ನುತ್ತಾ ಕುಳಿತಿತ್ತು. ಕಾರಣ ಹುಡುಕಲು ಒಂದು ದಿನ ಹಿಡಿಯಿತು.

ತಗಡಿನ ಕಿರಿದಾದ ಅಂಚಿನುದ್ದಕ್ಕೂ ದಪ್ಪ ಕೆಂಪು ತಂತಿಯೊಂದು, ಕಪ್ಪು ತಂತಿಯೊಂದು ಬೆನ್ನೆಲುಬಿನಂತೆ ಓಡಲಿ. ಮೂರು ಮೂರು ಸೆಂಟಿಮೀಟರಿಗೆ ಬ್ಲೇಡಿನಿಂದ ಸಿಪ್ಪೆ ಹೆರೆದು ಒಂಬತ್ತು ಜೋಡಿ ತಂತಿಗಳನ್ನೂ ಅದಕ್ಕೆ ಬೆಸೆದು ಟೇಪು ಸುತ್ತಿ. ಬೆನ್ನೆಲುಬನ್ನು ತಗಡಿಗೆ ತೂತು ಕೊರೆದು ಕೇಬಲ್ ಟೈಯಿಂದ ಬಿಗಿಯಿರಿ, ಎಳೆತವೆಲ್ಲ ಅಲ್ಲೇ ನಿಲ್ಲಬೇಕು, ಬಿಲ್ಲೆಗೆ ಹೋಗಬಾರದು. ವಿನೆಗರ್ ವಾಸನೆ ಬರುವ ಸಿಲಿಕೋನ್ ಹಾಕಿ ಮುಚ್ಚುವವರಿದ್ದಾರೆ. ಆ ಹುಳಿ ತಾಮ್ರವನ್ನು ಕೊರೆಯುತ್ತದೆ.

ಈಗ ಮಲ್ಟಿಮೀಟರನ್ನು, ಅದರ ಎರಡು ಮೊನೆಗಳ ನಡುವೆ ನೇರ ಸಂಪರ್ಕವಿದ್ದರೆ ಕೂಗುವ ಸ್ಥಾನಕ್ಕೆ ತಿರುಗಿಸಿ. ಕೆಂಪು ತಂತಿಗೂ ತಗಡಿಗೂ, ಕಪ್ಪು ತಂತಿಗೂ ತಗಡಿಗೂ, ಕೆಂಪಿಗೂ ಕಪ್ಪಿಗೂ ಹಿಡಿದು ನೋಡಿ. ಮೂರರಲ್ಲಿ ಯಾವುದೂ ಕೂಗಬಾರದು.

ಹಂತ 4: 230 ವೋಲ್ಟ್

ಎಸ್‌ಎಂಪಿಎಸ್‌ನ ತಿರುಪುಗಳ ಸಾಲಿನಲ್ಲಿ ಎಲ್ (ಲೈವ್), ಎನ್ (ನ್ಯೂಟ್ರಲ್) ಮತ್ತು ಅರ್ಥಿಂಗ್ ಗುರುತು ಇರುತ್ತದೆ. ಪ್ಲಗ್ ತಂತಿಯ ಮೂರು ಎಳೆ ಅವಕ್ಕೆ. ತುದಿಗೆ ಲಗ್, ಅಂದರೆ ತಿರುಪಿನಡಿ ಕೂರುವ ಲೋಹದ ಕೊಂಡಿ, ಒತ್ತಿಸಿಕೊಳ್ಳಿ. ಅಲ್ಯೂಮಿನಿಯಂ ತಗಡಿಗೂ ಒಂದು ತಿರುಪು ಹಾಕಿ ಅರ್ಥಿಂಗ್ ಕೊಡಲೇಬೇಕು. ಕೆಲವು ಪೆಟ್ಟಿಗೆಗಳ ಪಕ್ಕದಲ್ಲಿ 115/230 ಎಂಬ ಪುಟ್ಟ ಸ್ವಿಚ್ಚು ಜಾಲರಿಯೊಳಗೆ ಅಡಗಿರುತ್ತದೆ. ಅದು 230ರಲ್ಲಿದೆಯೇ ಎಂದು ನೋಡಿ. 115ರಲ್ಲಿಟ್ಟು ಪ್ಲಗ್ ಹಾಕಿದರೆ ಪಟಾಕಿ.

ಮೇಲಿನ ಪ್ಯಾರಾ ಓದುವಾಗ ಎಲ್ಲಾದರೂ ಅನುಮಾನ ಬಂದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ, ಅಥವಾ ತೆರೆದ ಎಸ್‌ಎಂಪಿಎಸ್ ಬಿಟ್ಟು ಲ್ಯಾಪ್‌ಟಾಪ್ ಚಾರ್ಜರಿನಂತೆ ಪೂರ್ತಿ ಮುಚ್ಚಿದ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ, ಅಷ್ಟೇ ಸಾಮರ್ಥ್ಯದ ಅಡಾಪ್ಟರ್ ತನ್ನಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಪೆಟ್ಟಿಗೆ ಯಾವಾಗಲೂ ಕುಂಡಕ್ಕಿಂತ ಎತ್ತರದಲ್ಲಿ, ಪಕ್ಕಕ್ಕೆ, ಗಾಳಿಯಾಡುವಲ್ಲಿ ಇರಲಿ. ತಂತಿ ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಲಿ. ನೀರು ಇಳಿದು ಬಂದರೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಹಂತ 5: ತೂಗುಹಾಕಿ, ಉರಿಸಿ

ನಾಲ್ಕು ಮೂಲೆಗೆ ಸರಪಳಿ. ಎಲೆಯಿಂದ 20-25 ಸೆಂಟಿಮೀಟರ್ ಎತ್ತರ. ನಾನಂತೂ ದೀಪ ಅಲುಗಿಸುವುದಿಲ್ಲ, ಸಸಿ ಚಿಕ್ಕದಿದ್ದಾಗ ಕುಂಡದ ಕೆಳಗೆ ಇಟ್ಟಿಗೆ ಇಟ್ಟು, ಬೆಳೆದಂತೆ ತೆಗೆಯುತ್ತೇನೆ.

ಒಂದು ಗಂಟೆ ಉರಿದ ಮೇಲೆ ತಗಡಿನ ಬೆನ್ನಿಗೆ ಅಂಗೈ ಒತ್ತಿ. ಕಾಫಿ ಲೋಟ ಹಿಡಿದಷ್ಟು ಬೆಚ್ಚಗಿದ್ದರೆ ಸರಿ. ಕೈ ಹಿಂತೆಗೆಯುವಂತಿದ್ದರೆ ಎಲ್ಲೋ ತಪ್ಪಿದೆ. ಬೆಸುಗೆಗಳನ್ನು ಮಾತ್ರ ಪ್ಲಗ್ ಕಿತ್ತ ಮೇಲೆ ಒಂದೊಂದಾಗಿ ಮುಟ್ಟಿ ನೋಡಿ. ಮಿಕ್ಕವುಗಳಿಗಿಂತ ಬಿಸಿಯಾದದ್ದು ಸಿಕ್ಕರೆ ಅದನ್ನು ಮತ್ತೆ ಮಾಡಿ.

ಟೈಮರ್ ಬೆಳಿಗ್ಗೆ 6ಕ್ಕೆ ಹಚ್ಚಿ ರಾತ್ರಿ 8ಕ್ಕೆ ಆರಿಸಲಿ. ದಿನಕ್ಕೆ ಸುಮಾರು 0.8 ಯೂನಿಟ್, ತಿಂಗಳಿಗೆ 24. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 144 ರೂಪಾಯಿ. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ಮನೆಯವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಲಿ. ಹೆಚ್ಚು ಉರಿಸಿದರೆ ಹೆಚ್ಚು ಸೊಪ್ಪು ಎಂದು ರಾತ್ರಿಯಿಡೀ ಬಿಡಬೇಡಿ. ಗಿಡ ರಾತ್ರಿಯ ಉದ್ದವನ್ನೂ ಎಣಿಸುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಬಂದವರು ಸೇವಂತಿಗೆ ತೋಟಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ಕಂಡಿರಬಹುದು. ಅದು ಕಾವಲಿಗಲ್ಲ. ರಾತ್ರಿ ಉದ್ದವಾದರೆ ಸೇವಂತಿಗೆ ಮೊಗ್ಗು ಬಿಡುತ್ತದೆ, ಆದ್ದರಿಂದ ಗಿಡ ಬಲಿಯುವವರೆಗೆ ಬೆಳಕು ತೋರಿಸಿ ತಡೆಯುತ್ತಾರೆ. ಕೊತ್ತಂಬರಿಯ ಸ್ವಭಾವ ಇದಕ್ಕೆ ವಿರುದ್ಧ: ಹಗಲು ಅತಿ ಉದ್ದವಾದರೆ ಸೊಪ್ಪು ಕೊಡುವ ಬದಲು ಹೂದಂಟು ಎತ್ತುತ್ತದೆ.

ಮೊದಲ ಬಿತ್ತನೆಗೆ ಮೆಂತ್ಯವನ್ನೇ ಹಾಕಿ. ಮೂರ್ನಾಲ್ಕು ದಿನದಲ್ಲಿ ಮೊಳೆಯುತ್ತದೆ, ದೀಪ ಸರಿಯಾಗಿದೆಯೇ ಎಂದು ವಾರದೊಳಗೆ ಹೇಳಿಬಿಡುತ್ತದೆ. ಸಸಿ ಗಿಡ್ಡವಾಗಿ, ಎಲೆ ಅಗಲವಾಗಿ ನಿಂತರೆ ಸರಿ. ಕತ್ತು ಚಾಚಿದರೆ ಒಂದು ಇಟ್ಟಿಗೆ ಏರಿಸಿ. ಎಲೆಯಂಚು ಮೇಲಕ್ಕೆ ಮುದುಡಿ ಬಿಳಿಚಿಕೊಂಡರೆ ಒಂದು ಇಟ್ಟಿಗೆ ಇಳಿಸಿ.

ಮುಂದೆ ಯಾವತ್ತಾದರೂ ಒಂಬತ್ತರಲ್ಲಿ ಒಂದು ಸಾಲು ಪೂರ್ತಿ ಆರಿದರೆ ತಪ್ಪು ಅದರ ಬೆಸುಗೆಯದು. ಮೂರೇ ಮೂರು ಎಲ್‌ಇಡಿ ಆರಿದರೆ ಒಂದು ಕಂತು ಸತ್ತಿದೆ ಎಂದರ್ಥ, ಅದರ ಪಾಡಿಗೆ ಬಿಡಿ. ಮೇಷ್ಟ್ರ ಹೊಸ ದೀಪದಲ್ಲಿ ನಾಲ್ಕನೆಯ ಸಾಲಿನ ನಡುವೆ ಅಂಥ ಮೂರು ಕಪ್ಪು ಚುಕ್ಕೆಗಳಿವೆ. "ದೃಷ್ಟಿಬೊಟ್ಟು" ಎನ್ನುತ್ತಾರೆ ಅವರು.